ಹಿರಿಯಳ ಮೂಳೆ

ಇಸಿಕ್‌ಕುಲ್ ಸರೋವರದ ದಕ್ಷಿಣ ದಂಡೆಯ ಆ ಹಳ್ಳಿಯಲ್ಲಿ ಯೇಸುವನ್ನು ನಂಬಿದವರಲ್ಲಿ ಜೂರಾಳೇ ಮೊದಲಿಗಳು. ಇಪ್ಪತ್ತಾರು ವರ್ಷದ ಹಿಂದೆ, ಮೈ ಕೊರೆಯುವ ಆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದಾಗ ಅವಳಿಗೆ ಮೂವತ್ತೆರಡು. ಮರುದಿನದಿಂದಲೇ ಊರು ಮುಖ ತಿರುಗಿಸಿತು. ತಿರುಗಿಸಿದವರಿಗೆಲ್ಲ ಮುಂದಾಳು ಪಕ್ಕದ ಬೀದಿಯ ಉಲ್ಕಾನ್. ಜೂರಾಳ ಮಗಳ ಮದುವೆಗೆ ಹಿಟ್ಟು ನಾದಿ ಬೋರ್ಸೊಕ್ ಕರಿಯಲು ಯಾವ ಹೆಂಗಸೂ ಹೋಗಕೂಡದೆಂದು ಮನೆಮನೆಗೆ ಹೇಳಿ ಬಂದವಳು ಅವಳೇ. ಜೂರಾ ಎರಡು ದಿನ ಒಬ್ಬಳೇ ಬಾಣಲೆಯ ಮುಂದೆ ಕೂತಳು. ಕಣ್ಣೀರು ಎಣ್ಣೆಗೆ ಬಿದ್ದು ಸಿಡಿಯದಿರಲೆಂದು ಆಗಾಗ ಮುಖ ಆಚೆ ಮಾಡುತ್ತಿದ್ದಳು.

ಅದೇ ಉಲ್ಕಾನ್ ಹೋದ ವರ್ಷ, ಎಪ್ಪತ್ನಾಲ್ಕರ ಪ್ರಾಯದಲ್ಲಿ, ಜೂರಾಳ ಮನೆಯ ಪ್ರಾರ್ಥನೆಗೆ ಬೈಯಲೆಂದೇ ಬಂದಳು. "ಏನ್ರೇ ಇದು, ಹಾಡ್ತೀರೋ, ಕತ್ತೆ ಕೂಗಿಸ್ತೀರೋ?" ಹಾಗೆಂದವಳು ಬಾಗಿಲ ಬಳಿ ಕೂತೇಬಿಟ್ಟಳು. ಮುಂದಿನ ವಾರವೂ ಬಂದಳು. ಎಲೆ ಉದುರುವ ಹೊತ್ತಿಗೆ ಅವಳೂ ಅದೇ ನೀರಿನಲ್ಲಿ ಮುಳುಗಿ ಎದ್ದಳು. ಜೂರಾ ಎಲ್ಲರ ಮುಂದೆ ಅವಳನ್ನು ಅಪ್ಪಿಕೊಂಡಳು. ಮನಸ್ಸು ಅಪ್ಪಿತೋ ಇಲ್ಲವೋ, ತೋಳಂತೂ ಅಪ್ಪಿತು. ಮದುವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಸ್ಟರ್ ದಿನ ಕುರಿ ಕೊಯ್ದರು. ಊರ ರೂಢಿಯಂತೆ ಬಾಲದ ಬುಡದ ಕೊಬ್ಬು ತುಂಬಿದ ಮೂಳೆ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಿಗೆ ಹೋಗಬೇಕು. ಬಾಗಿಲಿಗೆ ಎದುರಾದ, ಗೌರವದ ಮೇಲಿನ ಜಾಗವೂ ಅವಳದೇ. ಆದರೆ ಸಭೆಗೆ ಹೊಸದಾಗಿ ಪಾಲಕನಾದ ಎಸೆನ್ ಬೇರೆಯೇ ಲೆಕ್ಕ ತೆಗೆದ.

"ನಮ್ಮಲ್ಲಿ ಹುಟ್ಟಿದ ದಿನ ಅಂದ್ರೆ ದೀಕ್ಷಾಸ್ನಾನದ ದಿನ. ಹಾಗೆ ನೋಡಿದ್ರೆ ಜೂರಾ ಅಕ್ಕನೇ ದೊಡ್ಡೋರು."

"ಹಾಗಾದ್ರೆ ನಾನು ಆರು ತಿಂಗಳ ಕೂಸು," ಎಂದಳು ಉಲ್ಕಾನ್. "ಯಾರಾದ್ರೂ ತೊಟ್ಟಿಲು ಕಟ್ರಪ್ಪಾ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ದೊಡ್ಡ ಮೂಳೆ, ಮೇಲಿನ ಜಾಗದಲ್ಲಿ ಕೂತ ಜೂರಾಳ ಮುಂದೆ ಬಂತು. ಉಲ್ಕಾನಳಿಗೆ ಸೊಸೆಯಂದಿರ ಪಾಲಿನ ಪಕ್ಕೆಲುಬು. ಜೂರಾ ಒಂದು ಚೂರು ಬಾಯಿಗಿಟ್ಟಳು. ಅಬ್ಬ, ಎಂಥ ರುಚಿ! ಇಷ್ಟು ವರ್ಷಕ್ಕೆ ಎದೆ ತಣ್ಣಗಾದಂತಿತ್ತು.

ಕಣ್ಣೆತ್ತಿ ನೋಡಿದರೆ, ಮುದುಕಿ ಪಕ್ಕೆಲುಬನ್ನು ತಿರುಗಿಸಿ ತಿರುಗಿಸಿ ನೋಡಿ ತಟ್ಟೆಗಿಟ್ಟು, ತಲೆವಸ್ತ್ರ ಬಿಗಿದುಕೊಳ್ಳುತ್ತಿದ್ದಳು. ಎದ್ದು ಹೋಗುವವರ ಬಿಗಿತ ಅದು. ಹೋದರೆ ಮತ್ತೆ ಈ ಹೊಸ್ತಿಲು ತುಳಿಯುವವಳಲ್ಲ.

ಹೋಗಲಿ ಎಂದಿತು ಜೂರಾಳ ಮನಸ್ಸು. ಅದು ಹಾಗೆಂದದ್ದು ಕೇಳಿ ಅವಳಿಗೇ ದಿಗಿಲಾಯಿತು. ಇಪ್ಪತ್ತಾರು ವರ್ಷ ಮೊಣಕಾಲೂರಿದ್ದೇನೆ. ಒಳಗೆ ಬೆಳೆದದ್ದು ಯಾರು, ನಾನೋ, ನನ್ನ ಸಿಟ್ಟೋ?

ತಟ್ಟೆ ಎತ್ತಿಕೊಂಡು ಹೋಗಿ ಮುದುಕಿಯ ಮುಂದೆ ಕೂತಳು. "ಅವ್ವಾ, ಇದು ನಿಮ್ದು. ಮೇಲೆ ಬನ್ನಿ."

"ಭಿಕ್ಷೆ ಹಾಕ್ತೀಯೇನೇ?"

"ಇಲ್ಲವ್ವ. ನೀವು ಎದ್ದು ಹೋದ್ರೆ ನಂಗೆ ಖುಷಿಯಾಗಿಬಿಡುತ್ತೆ. ಅದಕ್ಕೇ ಭಯ."

ಉಲ್ಕಾನ್ ಅವಳ ಮುಖವನ್ನೇ ನೋಡುತ್ತಿದ್ದಳು.

"ನಿನ್ನ ಮಗಳ ಮದುವೆ ಬೋರ್ಸೊಕ್ ಕಲ್ಲಾಗಿತ್ತಂತೆ."

"ಒಬ್ಬಳೇ ನಾದಿದ್ದಲ್ವಾ, ಕೈ ಸೋತಿತ್ತು."

"ನಾನು ಬರಬೇಕಿತ್ತು," ಎಂದಳು ಮುದುಕಿ, ತಲೆ ತಗ್ಗಿಸಿ. ಆಮೇಲೆ ಜೂರಾಳ ಭುಜ ಹಿಡಿದು ಎದ್ದು, ಮೇಲಿನ ಜಾಗಕ್ಕೆ ನಡೆದಳು.

ಎಸೆನ್ ಕಿವಿಯವರೆಗೂ ಕೆಂಪಾಗಿದ್ದ. "ಏನೋ ಹೊಸದು ಮಾಡೋಣ ಅಂತ..."

"ಮಾಡಪ್ಪಾ, ಮಾಡು. ಕುರಿ ಮೂಳೆಗೆ ಮಾತ್ರ ಕೈ ಹಾಕಬೇಡ!" ಎಂದಳು ಉಲ್ಕಾನ್.

ಜೂರಾ ಬಾಗಿಲ ಬಳಿ, ಚಹಾದ ನೀರು ಕುದಿಯುವ ಸಮೋವಾರಿನ ಪಕ್ಕ, ಸೊಸೆಯರ ಜಾಗದಲ್ಲಿ ಕೂತು ಚಹಾ ಬಗ್ಗಿಸತೊಡಗಿದಳು.

"ಇದೇನೇ, ಚಹಾನೋ, ಬಟ್ಟಲು ತೊಳೆದ ನೀರೋ?" ಮೇಲಿನಿಂದ ಉಲ್ಕಾನ್ ಕೂಗಿದಳು.

ಉತ್ತರ ನಾಲಿಗೆಯ ತುದಿಯವರೆಗೆ ಬಂತು. ಜೂರಾ ಅದನ್ನು ನುಂಗಿ, ಹೊಸದಾಗಿ ಚಹಾಸೊಪ್ಪು ಹಾಕಿದಳು.

"ಅಂಚಿನವರೆಗೂ ತುಂಬಿಸ್ತಾ ಇದ್ದೀಯಲ್ಲ, ನನ್ನ ಬೇಗ ಕಳಿಸೋ ಆತುರಾನಾ?"

ಬಟ್ಟಲು ತುಂಬಿಸಿ ಕೊಟ್ಟರೆ ಅತಿಥಿಗೆ ಇನ್ನು ಏಳಿ ಎಂದಂತೆ; ಜೂರಾ ಅರ್ಧ ವಾಪಸು ಸುರಿದಳು. ನಾಲ್ಕು ಬಟ್ಟಲು ಹೇಗೋ ದಾಟಿದವು. ಐದನೆಯದಕ್ಕೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಬೇಕಾಯಿತು.