ಇಬ್ಬರು ಸರಸ್ವತಿಬಾಯಿಯರು

೨೦೨೩ರ ಬೇಸಿಗೆ. ವಿಮಾ ಕಂಪನಿಯೊಂದರ ಡೇಟಾಬೇಸ್ ವಿಭಾಗದಿಂದ ನಿವೃತ್ತಳಾಗಿ, ಪುಣೆಯ ಕೊಂಢವಾ ಬಡಾವಣೆಯ ಮನೆಯಲ್ಲೇ ಕುಳಿತು ಕನ್ನಡ ಮನೆತನಗಳ ವಂಶಾವಳಿಗಳನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೆ ಹಾಯಾಗಿರಬಹುದು ಎಂದವರು ಯಾರೋ, ಸಿಕ್ಕರೆ ಎರಡು ಮಾತು ಕೇಳಬೇಕಾಗಿದೆ.

ನನ್ನ ಬಳಿ ಇದ್ದುದರಲ್ಲಿ ದೊಡ್ಡದು ವಿಶ್ವನಾಥರಾಯರ ಮನೆತನದ ಕೆಲಸ. ಅವರು ವಿಜಯಪುರದ ಕಡೆಯವರು, ಪುಣೆಯದೇ ಹಡಪಸರದಲ್ಲಿ ಬಟ್ಟೆ ಅಂಗಡಿ. ಹೆಂಡತಿಯ ಕಡೆಯವರು, ಬೀಗರು, ಬೀಗರ ಬೀಗರು ಸೇರಿ ಏಳು ಸಾವಿರಕ್ಕೂ ಹೆಚ್ಚು ಹೆಸರು. ಇಷ್ಟು ದೊಡ್ಡ ಡೇಟಾಬೇಸಿನಲ್ಲಿ ಒಬ್ಬರೇ ಎರಡು ಕಡೆ ನಮೂದಾಗುವುದುಂಟು. ಸಾಫ್ಟ್‌ವೇರ್ ಅಂಥವರನ್ನು ಹೆಕ್ಕಿ, ಇವರಿಬ್ಬರೂ ಒಬ್ಬರೇನಾ ಎಂದು ಕೇಳುತ್ತದೆ. ಹೌದು ಎಂದು ಒತ್ತಿದರೆ ಎರಡು ದಾಖಲೆಗಳು ಒಂದಾಗುತ್ತವೆ. ಇದಕ್ಕೆ ಮರ್ಜ್ ಎನ್ನುತ್ತಾರೆ.

ಆ ವಾರವೇ ರಾಯರ ಮಗಳು ಅಶ್ವಿನಿಯ ಮದುವೆ. ಹಂಚಲೆಂದು ಎರಡೂ ಮನೆಗಳ ವಂಶಾವಳಿಯನ್ನು ಅವರೇ ಮುದ್ರಿಸಿದ್ದರು. ಅದನ್ನು ನೋಡಿದ ವರನ ಸೋದರಮಾವ ಗುರುನಾಥರಾಯರು ಮದುವೆಯನ್ನೇ ತಡೆದರು. ವಧುವಿನ ತಾಯಿಯ ತಾಯಿ ಕಮಲಾಬಾಯಿ ಮತ್ತು ಗುರುನಾಥರಾಯರ ತಾಯಿ ಇಬ್ಬರೂ ಅಕ್ಕತಂಗಿಯರ ಮಕ್ಕಳೆಂದು ಅದರಲ್ಲಿತ್ತು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರೇ. ಅದೇ ಲೆಕ್ಕ ಕೆಳಗಿಳಿದರೆ ವಧೂವರರು ಅಣ್ಣತಂಗಿ!

“ಮೇಡಂ, ಛತ್ರ ಹಿಡದೀವಿ, ಮಂದಿಗೆ ಹೇಳೀವಿ. ಹುಡುಗಿ ಊಟಾ ಬಿಟ್ಟಾಳ್ರಿ,” ಎಂದು ರಾಯರು ಫೋನಿನಲ್ಲಿ ಅಳುವುದೊಂದೇ ಬಾಕಿ.

ತಿದ್ದುಪಡಿಗಳ ಇತಿಹಾಸ ತೆರೆದೆ. ಕಮಲಾಬಾಯಿಯ ತಾಯಿ ಸರಸ್ವತಿಬಾಯಿಯ ದಾಖಲೆ ಹಿಂದೆ ಎರಡಿತ್ತು. ಒಂದರಲ್ಲಿ ತವರು ಜಮಖಂಡಿ, ಅಲ್ಲಿ ಆಕೆ ಗುರುನಾಥರಾಯರ ತಾಯಿಯ ತಾಯಿಗೆ ಒಡಹುಟ್ಟಿದವಳು; ಇನ್ನೊಂದರಲ್ಲಿ ತವರು ಖಾಲಿ. ಸಾವಿನ ವರ್ಷಗಳೂ ಬೇರೆ ಬೇರೆ. ಮರ್ಜ್ ಮಾಡಿದವರು ಸಾಕ್ಷಾತ್ ವಿಶ್ವನಾಥರಾಯರೇ.

“ಹೆಸರು ಒಂದ, ಗಂಡನೂ ಒಬ್ಬಾವ. ಮತ್ತೇನ ನೋಡಬೇಕಿತ್ರಿ?” ಎಂದರು. ಸಿಟ್ಟು ನೆತ್ತಿಗೇರಿತು. ಮೊದಲ ಹೆಂಡತಿ ತೀರಿಕೊಂಡರೆ ಎರಡನೆಯವಳಿಗೆ ಅದೇ ಹೆಸರಿಡುವ ಪದ್ಧತಿ ಅವರ ಮನೆಯದೇ. ಅದನ್ನು ನಾನು ಹೇಳಿಕೊಡಬೇಕಾಯಿತು.

ಮರ್ಜ್ ಬಿಡಿಸುವುದು ಸುಲಭ. ಆದರೆ ಗುರುನಾಥರಾಯರು ಬಗ್ಗಲಿಲ್ಲ. “ಇಬ್ಬರು ಹೆಂಡರು ಇದ್ದರು, ಒಪ್ಪಿದೆ. ಸತ್ತಾಕಿ ಜಾಗಾಕ್ಕ ಆಕಿ ತಂಗೀನ್ನ ತರೂದು ಇದ್ದದ್ದ ಅಲ್ರಿ? ಹಂಗಾದ್ರ ಅದ ಸಂಬಂಧ ಬಂತು.” ಅವರ ಮಾತು ನ್ಯಾಯವಾಗಿತ್ತು. ನನ್ನ ಕಂಪ್ಯೂಟರಿನಲ್ಲಿ ಎರಡನೆಯವಳ ತವರಿನ ಜಾಗ ಖಾಲಿಯೇ ಇತ್ತು. ನನಗೆ ನಿಜಕ್ಕೂ ಭಯವಾಯಿತು.

ಇನ್ನು ಕೇಳಬೇಕಾದ್ದು ಆಕೆಯ ಮಗಳು ಕಮಲಾಬಾಯಿಯನ್ನೇ; ಅವರಿದ್ದದ್ದು ಪುಣೆ ಹತ್ತಿರದ ಸಾಸವಡದಲ್ಲಿ, ಮಗನ ಮನೆಯಲ್ಲಿ. ಇಬ್ಬರು ರಾಯರು, ಅಶ್ವಿನಿ, ನಾನು ಒಂದೇ ಕಾರಿನಲ್ಲಿ ಹೊರಟೆವು.

ಅಜ್ಜಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನೇ ಕೇಳಿದೆ: “ಅಜ್ಜಿ, ನಿಮ್ಮ ಅವ್ವನ ತವರುಮನಿ ಯಾವುದ್ರಿ?”

ಅವರ ಕೈ ನಿಂತಿತು. “ಅದನ್ನ ಹೇಳಬಾರದು ಅಂತ ಅಜ್ಜಿ ತಾಕೀತು ಮಾಡಿದ್ದಳು, ನಮ್ಮಪ್ಪನ ಅವ್ವ. ಬಡವರ ಮನಿ ಹುಡುಗೀನ್ನ ತಂದಿದ್ದರು. ಮಂದಿಗೆ ಗೊತ್ತಾದ್ರ ಮರ್ಯಾದಿ ಹೋಗ್ತದಂತ.”

ಅಶ್ವಿನಿ ಅವರ ಕಾಲ ಬಳಿ ಕುಳಿತಳು. “ಹೇಳಬೇ ಅಜ್ಜಿ,” ಎಂದಳು, ಅಷ್ಟೇ.

ಅಜ್ಜಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. “ಈಕಿ ಆಣಿ ಮಾಡಿ ಹೇಳ್ತೀನಿ. ಅವ್ವ ಸಿಂದಗಿ ಕಡೇದಾಕಿ. ತಂದಿ ಇದ್ದಿಲ್ಲ, ಒಡಹುಟ್ಟಿದವರಿದ್ದಿಲ್ಲ. ಎರಡನೇದಾಕಿ ಅಂತ ಕೊಳ್ಳಾಗ ಸತ್ತ ಮೊದಲನಾಕಿ ಮುಖದ ಬೆಳ್ಳಿ ತಾಯತ ಕಟಗೊಂಡಿದ್ದಳು. ಹಬ್ಬದಾಗ ಸೀರಿ ಮೊದಲು ಆ ಮುಖಕ್ಕ ಏರಿಸಿ, ಆಮ್ಯಾಲೆ ತಾನು ಉಡಬೇಕು. ಸ್ವಂತ ಅಕ್ಕ ಆಗಿದ್ದರ ‘ಆ ದೊಡ್ಡಾಕಿ ಹೆಂಗಿದ್ದಳೋ, ನಾ ನೋಡಿಲ್ಲ’ ಅಂತ ಯಾಕ ಅಂತಿದ್ದಳು?”

ಗುರುನಾಥರಾಯರು ಚಪ್ಪಲಿ ಬಿಟ್ಟು ಬಂದು ಅಜ್ಜಿಯ ಕಾಲು ಮುಟ್ಟಿದರು. “ಮದುವಿ ಅಕ್ಕಿಕಾಳು ಬೀಳಲಿರಿ,” ಎಂದರು. ಅಶ್ವಿನಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು.

ಅಲ್ಲೇ ಲ್ಯಾಪ್‌ಟಾಪ್ ತೆರೆದು ಇಬ್ಬರನ್ನೂ ಬೇರೆ ಮಾಡಿದೆ. ಆಧಾರ ಎಂಬ ಜಾಗದಲ್ಲಿ ‘ಮಗಳ ಮಾತು’ ಎಂದು ಬರೆದೆ. ಹೊಂದಾಣಿಕೆ ತೋರಿಸುವುದು ಸಾಫ್ಟ್‌ವೇರ್ ಕೆಲಸ; ಹೌದು ಎನ್ನುವ ಮೊದಲು ಆ ಮನುಷ್ಯರನ್ನು ಬಲ್ಲವರು ಬದುಕಿದ್ದಾರೆಯೇ ಎಂದು ಹುಡುಕುವುದು ನನ್ನ ಕೆಲಸ. ಅಂದಿನಿಂದ ಮನೆಯ ಹಿರಿಯರನ್ನು ಕೇಳದೆ ಯಾರನ್ನೂ ಮರ್ಜ್ ಮಾಡಿಲ್ಲ, ಮಾಡಲು ಬಿಟ್ಟೂ ಇಲ್ಲ.

ಹೊರಡುವಾಗ ಅಜ್ಜಿ ನನ್ನ ಸೆರಗು ಹಿಡಿದರು. “ಅವ್ವಗ ಸರಸ್ವತಿ ಅಂತ ಬರದ್ರಿ ಏನು?”

“ಮದುವೆಯ ಹೆಸರು ಅದೇ ಅಲ್ರಿ.”

“ನೀಲವ್ವ ಅಂತ ಬರೀರಿ. ಸಾಯೂತನಕ ಆಕಿನ್ನ ಸತ್ತಾಕಿ ಹೆಸರಲೆ ಕರದ್ರು.”