ಚಿಗವ್ವನ ಗಡ್ಡೆಯ ಅಂಚು

ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಬೇವೂರಿನ ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ, ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಾಗ, ಇಡೀ ಮೊಲೆ ತೆಗೆಯುವುದು ಬೇಡ, ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗ ಸೇರಿಸಿ ಗಡ್ಡೆಯನ್ನಷ್ಟೇ ತೆಗೆಯೋಣ ಎಂದರು ಡಾಕ್ಟರು. ತೆಗೆದ ತುಂಡಿನ ಚಿತ್ರವನ್ನು ಕೂಡಲೇ ನೋಡಬೇಕು. ಗಡ್ಡೆ ತುಂಡಿನ ಅಂಚಿಗೆ ತಾಗಿದ್ದರೆ ಮೈಯೊಳಗೆ ಇನ್ನೂ ಉಳಿದಿರಬಹುದು. ಆ ಚಿತ್ರ ತೆಗೆಯುವವಳು ನಾನೇ.

"ಬ್ಯಾರೆ ಯಾರನ್ನರ ಕರಸ್ಲೇನ್ರಿ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ಉತ್ತರಿಸಿದವಳು ಚಿಗವ್ವ. "ಬ್ಯಾಡ್ರಿ. ಆಕೀನ ನೋಡ್ಲಿ. ಮನಿ ಹುಡುಗಿ ಅದಾಳ."

ಆಪರೇಷನ್ ದಿನ ನರ್ಸ್ ಡಬ್ಬಿ ತಂದು ಕೊಟ್ಟಳು. ಒಳಗೆ ಮುಷ್ಟಿಗಿಂತ ಚಿಕ್ಕ ತುಂಡು. ಯಾವ ಬದಿ ಯಾವುದೆಂದು ತಿಳಿಯಲು ಕರಿ ದಾರ ಹೊಲಿದಿದ್ದರು. ಗ್ಲೌಸಿನೊಳಗೂ ಅದರ ಬಿಸಿ ತಾಗಿತು. ನಾನು ಹುಟ್ಟಿದಾಗ ಅವ್ವನಿಗೆ ಹಾಲು ಬರದೆ, ತನ್ನ ಕೂಸಿನ ಜೊತೆ ನನಗೂ ಮೊಲೆ ಕೊಟ್ಟವಳು ಈ ಚಿಗವ್ವ. ಕೇಳಿ ಗೊತ್ತಿದ್ದ ಮಾತು ಅದು. ತುಂಡನ್ನು ಯಂತ್ರದ ಕೆಳಗಿಟ್ಟೆ.

ಪರದೆಯ ನಡುವೆ ಗಡ್ಡೆ ಬೆಳ್ಳಗೆ ಕಂಡಿತು. ಅದರಿಂದ ಹೊರಟ ಕೂದಲೆಳೆಯಂಥದ್ದೊಂದು ಕೆಳಗಿನ ಅಂಚು ಮುಟ್ಟಿತ್ತು. ಆಪರೇಷನ್ ಕೋಣೆಗೆ ಫೋನ್ ಮಾಡಿದೆ. ಡಾಕ್ಟರು ತಮ್ಮ ಪರದೆಯಲ್ಲಿ ನೋಡಿ, "ಹೌದು, ಕೆಳಗ ಇನ್ನಷ್ಟು ತಗೀತೀನಿ," ಎಂದರು.

ಆಮೇಲೆ ಬಂದ ತುಂಡಿನಲ್ಲಿ ಏನೂ ಕಾಣಲಿಲ್ಲ. ನಂಬದೆ ನೋಡುತ್ತಲೇ ನಿಂತೆ.

"ಅಕ್ಕಾರ, ಕೊಡ್ರಿ, ಲ್ಯಾಬಿಗೆ ಕಳಸಬೇಕು," ಎಂದು ನರ್ಸ್ ಎರಡು ಸಲ ಹೇಳಬೇಕಾಯಿತು.

ಅಂಚು ಸ್ವಚ್ಛವಾಗಿದೆ ಎಂದೇ ಲ್ಯಾಬಿನ ವರದಿ ಬಂತು. ಚಿಗವ್ವ ಹುಬ್ಬಳ್ಳಿಯಲ್ಲಿ ರೇಡಿಯೇಷನ್ ಕರೆಂಟ್ ಹಿಡಿಸಿಕೊಂಡು, ಮುಂದಿನ ಹಂಗಾಮಿಗೆ ಹೊಲಕ್ಕೂ ಹೋದಳು. ನಾನು ಮಾತ್ರ ಅವಳು ಸೀರೆ ಬದಲಿಸುವಾಗ ಹೊರಗೆ ಹೋಗಿ ನಿಲ್ಲತೊಡಗಿದೆ; ಉಳಿದ ಹೊತ್ತೆಲ್ಲ ಅವಳನ್ನೇ ಗಮನಿಸುತ್ತಿದ್ದೆ.

ಒಮ್ಮೆ ಅವಳೇ ಕೇಳಿದಳು. "ಅದ್ರಾಗ ಏನ್ ಕಂಡಿದ್ದಿ ನೀ?"

"ಒಂದು ಎಳಿ, ಚಿಗವ್ವ."

"ತಗದಾರಲ್ಲ?"

"ತಗದಾರ."

"ಮತ್ಯಾಕ ಹಿಂಗ ನೋಡ್ತಿ ನನ್ನ?"

ಅವಳು ಆರಾಮಾಗಿದ್ದಾಳೆ. ಹೋದ ವಾರ ಊಟಕ್ಕೆ ಕುಳಿತಾಗ ಕೆಮ್ಮಿದಳು. ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು.

"ಖಾರ ನೆತ್ತಿಗೇರಿತು, ಅಷ್ಟ," ಎಂದಳು ಚಿಗವ್ವ, ನೀರು ಕುಡಿದು.

ಇನ್ನೊಮ್ಮೆ ಕೆಮ್ಮುತ್ತಾಳೇನೋ ಎಂದು ನಾನು ಕೇಳುತ್ತ ಕುಳಿತೆ.