ಮೂಕಮ್ಮ ಚೆಲ್ಲಿದ ಮಳೆ

ಹೊಸನಗರದ ಮೊದಲ ಬಸ್ಸು ಏದುಸಿರು ಬಿಡುತ್ತಾ ಏರು ಹತ್ತಿ ಹೋಗಿದೆ. ಊರ ಶಾಲೆಯ ಅಂಗಳದಲ್ಲಿ ಮೂಕಮ್ಮ ಕೊಡೆಯನ್ನು ಕತ್ತು-ಭುಜದ ನಡುವೆ ಸಿಕ್ಕಿಸಿಕೊಂಡು ಮಳೆಮಾಪಕ ಬಿಚ್ಚುತ್ತಾರೆ. ಒಳಗಿನ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾರೆ. ಆಮೇಲೆ ಬಾಟಲಿ ಕೂರುವ ಡಬ್ಬಿಯನ್ನೂ ಬಗ್ಗಿಸಿ ನೋಡುತ್ತಾರೆ. ಅದರಲ್ಲಿ ಹನಿ ನೀರಿಲ್ಲ. ಆದರೂ ಇನ್ನೊಮ್ಮೆ ಬಗ್ಗಿಸುತ್ತಾರೆ.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಇವರಿಗೆ ಈ ಕೆಲಸ ಅಂಟಿಕೊಂಡು ಹನ್ನೆರಡು ವರ್ಷ. ದಿನಾ ಅಳೆದು ತಾಲ್ಲೂಕು ಕಚೇರಿಗೆ ಫೋನಿನಲ್ಲಿ ತಿಳಿಸಬೇಕು, ಜ್ವರ ಬಂದರೂ ರಜೆಯಿಲ್ಲ. ದಿನಕ್ಕೆ ನೂರು ಮಿಲಿಮೀಟರ್ ಸುರಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಇಷ್ಟು ವರ್ಷದಲ್ಲಿ ಬಾಟಲಿ ತುಂಬಿ ಹೊರಗಿನ ಡಬ್ಬಿಗೆ ಹರಿದದ್ದು ಒಂದೇ ಸಲ, ಎರಡು ವರ್ಷದ ಹಿಂದೆ.

ಆ ನೀರನ್ನೂ ಅಳೆದು ಕೂಡಿಸಬೇಕಿತ್ತು. ಆದರೆ ಮೂಕಮ್ಮ ಚಿಕ್ಕಂದಿನಿಂದ ಕಣದಲ್ಲಿ ಭತ್ತ ಅಳೆದವರು. ಕೊಳಗದಿಂದ ಆಚೆ ಉದುರಿದ್ದು ಕಣ ಗುಡಿಸುವವರ ಪಾಲು, ಅಳೆಯುವವರು ಅದನ್ನು ಮುಟ್ಟಬಾರದು. "ಕೈಗೆ ಅದೇ ಅಭ್ಯಾಸ ನೋಡಿ. ಡಬ್ಬಿ ನೀರನ್ನ ದಾಸವಾಳದ ಬುಡಕ್ಕೆ ಹೊಯ್ದುಬಿಟ್ಟೆ" ಎನ್ನುತ್ತಾರೆ.

ಅದೇ ಮಳೆಗೆ ಶಾಲೆ ಪಕ್ಕದ ಕೆರಿಯಪ್ಪನವರ ಮನೆಯ ಹಿಂದಿನ ದರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಕುಸಿದು ಅವರ ಹೆಂಡತಿ ದುಗ್ಗಮ್ಮ ತೀರಿಕೊಂಡರು. ಕೊಟ್ಟಿಗೆ ಕಟ್ಟಲೆಂದು ದರೆ ಕಡಿಸಿದ್ದವರು ಕೆರಿಯಪ್ಪನೇ. ಹೆಂಡತಿಯನ್ನು ಕೈಯಾರೆ ಕೊಂದ ಎಂದು ಊರು ಆಡಿಕೊಂಡಿತು, ಅವರೂ ಹಾಗೇ ನಂಬಿದರು.

ಕಳೆದ ಬೇಸಿಗೆಯಲ್ಲಿ ಹವಾಮಾನ ಅಧ್ಯಯನ ಮಾಡುವ ಧನ್ಯಶ್ರೀ ಆ ದಿನದ ಅಳತೆ ವಿಚಾರಿಸಲು ಬಂದಾಗ ಮೂಕಮ್ಮನ ತಪ್ಪು ಬಯಲಾಯಿತು. ಭೂಮಿ ಹೀಗೆ ಬಿಸಿಯಾಗದಿದ್ದರೆ ಅಂಥ ಮಳೆ ಬರುತ್ತಿತ್ತೇ, ಬಂದರೂ ಇಷ್ಟು ಜೋರಾಗಿರುತ್ತಿತ್ತೇ ಎಂದು ಲೆಕ್ಕ ಹಾಕುವುದು ಆಕೆಯ ಕೆಲಸ. "ಬಿದ್ದದ್ದು ಎಷ್ಟು ಅಂತ ಗೊತ್ತಿದ್ರೆ ತಾನೇ ಅಮ್ಮಾ, ಅದ್ರಲ್ಲಿ ಬಿಸಿಯ ಪಾಲು ಎಷ್ಟು ಅಂತ ಹೇಳೋದು?" ಎಂದು ಮೆತ್ತಗೆ ಕೇಳಿದರಂತೆ. ಸುತ್ತಲಿನ ಅಳತೆಗಳಿಂದ ಇಡೀ ತಾಲ್ಲೂಕಿನ ಬಗ್ಗೆ ಏನಾದರೂ ಹೇಳಬಹುದು, ಆ ಒಂದು ಗುಡ್ಡದ ಬಗ್ಗೆ ಹೇಳಲಾಗದು.

ಮೂಕಮ್ಮ ಅಂದೇ ಹೋಗಿ ಕೆರಿಯಪ್ಪನವರಿಗೆ ಎಲ್ಲ ಹೇಳಿದರು. "ಬೈತಾರೆ ಅಂದ್ಕಂಡಿದ್ದೆ. ಬೈಲಿಲ್ಲ. 'ಹಂಗಾರೆ ಮಳೆನೇ ಜಾಸ್ತಿ ಇತ್ತಾ ಮೂಕಕ್ಕ? ಎಷ್ಟಿತ್ತು?' ಅಂದ್ರು."

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. "ಅಂಥಾ ಮಳೆ ಮತ್ತೆ ಬರೋದು ಬ್ಯಾಡ. ಬಂದ್ರೆ ಮಾತ್ರ ಒಂದು ಹನಿ ಬಿಡಲ್ಲ ನಾನು."

ಅಷ್ಟರಲ್ಲಿ ಬೇಲಿಯಾಚೆ ಕೆರಿಯಪ್ಪ ಬಂದು ನಿಲ್ಲುತ್ತಾರೆ. "ಎಷ್ಟಾಯ್ತು ಮೂಕಕ್ಕ?"

"ಮೂವತ್ತೆರಡು."

ಅವರು ತಲೆದೂಗಿ ಹೋಗುತ್ತಾರೆ. ಮೂಕಮ್ಮ ಗಾಜು ಒರೆಸುತ್ತಾ ಹೇಳುತ್ತಾರೆ: "ದಿನಾ ಬಂದು ಕೇಳ್ತಾರೆ. ನಾನು ಇವತ್ತಿಂದು ಹೇಳ್ತೀನಿ. ಅವ್ರು ಕೇಳೋದು ಆವತ್ತಿಂದು."